ಥ್ರಾಸ್ಬಿ ಔಟಾದದ್ದು

ಚಳಿಗಾಲದ ನರಿಬೇಟೆಯಲ್ಲಿ ಮರದ ಕೊಂಬೆ ಬಡಿದ ಮೇಲೆ ಕ್ಯಾಪ್ಟನ್ ಲಯನೆಲ್ ಥ್ರಾಸ್ಬಿಯ ಎಡಗಣ್ಣು ಮಂಜಾಗುತ್ತ ಬಂದು, ಜೂನ್ ಹೊತ್ತಿಗೆ ಪೂರ್ತಿ ಹೋಗಿತ್ತು. ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಸೈನ್ಯದಿಂದ ಮನೆಗೆ ಕಳಿಸುತ್ತಾರೆ. ಹದಿನಾಲ್ಕು ವರ್ಷ ಸಮವಸ್ತ್ರ ಬಿಟ್ಟು ಬೇರೇನೂ ಅರಿಯದವನು ಆಮೇಲೆ ಮಾಡುವುದಾದರೂ ಏನು? ಕೌಂಟಿ ಕ್ರಿಕೆಟ್ ಪಂದ್ಯ ಆಡಲು ರಜೆ ಕೊಟ್ಟ ಕರ್ನಲ್ ಹಾರ್ಟಪ್ ಇವತ್ತು ತಾವೇ ಬಂದು ಪೆವಿಲಿಯನ್ನಿನಲ್ಲಿ ಕೂತಿದ್ದರು. ಗುಟ್ಟು ಎಲ್ಲಿ ರಟ್ಟಾಗುತ್ತದೋ ಎಂಬ ಭಯ ಥ್ರಾಸ್ಬಿಗೆ ಬೆಳಗಿನಿಂದಲೂ ಇತ್ತು.

ಚೆಂಡು ಬಲಗಣ್ಣಿಗೆ ಸಿಗಲೆಂದು ಕತ್ತು ತಿರುಗಿಸಿ ಬ್ಯಾಟ್ ಹಿಡಿದ. ದೇವರ ದಯೆ, ಹೇಗೋ ಹನ್ನೊಂದು ರನ್ ಬಂದವು. ಮುಂದಿನ ಚೆಂಡು ಎಲ್ಲಿ ಬಂತೋ, ಎಲ್ಲಿ ಹೋಯಿತೋ! ಟಕ್ ಎಂಬ ಸದ್ದು, ಹಿಂದೆಯೇ ಚೆಂಡು ಹಿಡಿದ ಕೀಪರನ ಕೂಗು ಅಷ್ಟೇ ಕೇಳಿಸಿದವು. ಕೂಲಿಗೆ ಆಡುವವರು ಅಂಪೈರ್ ಬೆರಳೆತ್ತುವವರೆಗೂ ಕಾಯಬಹುದು. ಥ್ರಾಸ್ಬಿಯಂತೆ ಕಾಸು ಮುಟ್ಟದೆ ಆಡುವ ದೊಡ್ಡ ಮನುಷ್ಯರು, ಚೆಂಡು ಬ್ಯಾಟಿಗೆ ಸವರಿದ್ದರೆ ತಾವಾಗಿಯೇ ಹೊರಟುಬಿಡಬೇಕು. ನಿಂತರೆ ಮರ್ಯಾದೆ ಹೋಯಿತೆಂದೇ ಲೆಕ್ಕ. ಸವರಿದ್ದೇ ಇರಬೇಕೆಂದು ಅವನು ಹೊರಟ.

"ಎಲ್ಲಿಗ್ ಹೊಂಟ್ರಿ ಸಾಹೇಬ್ರೇ? ನಾನ್ ಔಟ್ ಕೊಟ್ಟಿಲ್ಲ," ಮುದಿ ಅಂಪೈರ್ ಪೆನಿಕ್ ಪಿಸುಗುಟ್ಟಿದ. "ಪ್ಯಾಡಿನ ಬಕಲ್ಲಿಗೆ ತಾಗಿದ್ದು ಅದು. ಬ್ಯಾಟು ಒಂದ್ ಗೇಣು ದೂರ ಇತ್ತು. ಕಾಣ್ಲಿಲ್ವ ನಿಮ್ಗೆ?"

ಥ್ರಾಸ್ಬಿ ಹಿಂತಿರುಗಿದರೆ ಚೆಂಡು ಕಾಣಲಿಲ್ಲವೆಂದು ಒಪ್ಪಿಕೊಂಡಂತೆಯೇ. "ನಂಗೊತ್ತು ಬಿಡು ಪೆನಿಕ್," ಎಂದು ಬಿರಬಿರನೆ ನಡೆದ.

ಪೆವಿಲಿಯನ್ನಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಭಲೇ ಕಣಯ್ಯಾ!" ಕರ್ನಲ್ ಬೆನ್ನಿಗೊಂದು ಗುದ್ದಿದರು. "ಅಂಪೈರು ಬೆರಳೆತ್ತದೇ ಇದ್ರೂ ಬಂದ್ಬಿಟ್ಟೆಯಲ್ಲ! ಹಿಂದೂಸ್ತಾನದ ಗಡಿಗೆ ಹೊರಟಿರೋ ಕಂಪನಿ ನಿಂದೇ, ತಗೋ. ನೂರು ಸಿಪಾಯಿ ಹುಡುಗರು. ಅವರ ಮುಂದೆ ನಡೆಯೋನು ನಿನ್ನಂಥೋನೇ ಆಗ್ಬೇಕು."

ಇಷ್ಟು ವರ್ಷ ಬಯಸಿದ್ದು ಕೈಗೆ ಬಂದಿತ್ತು. ಮನಸ್ಸಿನಲ್ಲಿ ಸುಳಿದದ್ದು ಕಿರಿದಾದ ಕಣಿವೆ, ಎಡಗಡೆಯ ಬಂಡೆಗಳ ಹಿಂದೆ ತನಗೆ ಕಾಣದ ಬಂದೂಕುಗಳು, ತನ್ನನ್ನೇ ನಂಬಿ ಹಿಂದೆ ಬರುವ ಹುಡುಗರು. ಥ್ರಾಸ್ಬಿಗೆ ಈಗ ಹುಟ್ಟಿದ್ದು ಬೇರೆಯದೇ ಭಯ.

"ಸಾರ್, ನಂಗೆ ಆ ಚೆಂಡು ಕಾಣ್ಲೇ ಇಲ್ಲ."

"ಅದು ಬ್ಯಾಟಿಗೆ ಸವರಿದ್ದು ಯಾರಿಗ್ ಕಂಡಿತ್ತು ಮಾರಾಯ! ಅದಕ್ಕೇ ಅಲ್ವ ಇದು ನಿನ್ನ ದೊಡ್ಡತನ!" ಕರ್ನಲ್ ಗಹಗಹಿಸಿ ನಕ್ಕರು. ಸುತ್ತಲಿದ್ದವರೂ ನಕ್ಕರು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಥ್ರಾಸ್ಬಿ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡ.

"ಈಗ ನೀವೂ ಕಾಣ್ತಿಲ್ಲ, ಸಾರ್."

ಕರ್ನಲ್ಲರ ನಗು ಅರ್ಧಕ್ಕೇ ನಿಂತದ್ದು ಮಾತ್ರ ಅವನಿಗೆ ಕೇಳಿಸಿತು.