ಸ್ಟೇಡಿಯಂ ಪಕ್ಕದ ಜೋಳ

ಟೆಕ್ಸಾಸಿನಲ್ಲಿ ಇಂದುಮತಿ ಇದ್ದ ಊರಿಗೆ ಡಾಲಸ್ಸಿನಿಂದಲೂ ಹ್ಯೂಸ್ಟನ್ನಿನಿಂದಲೂ ಆಸ್ಟಿನ್ನಿನಿಂದಲೂ ಹೆಚ್ಚುಕಡಿಮೆ ಎರಡು, ಎರಡೂವರೆ ಗಂಟೆಯ ದಾರಿ. ಯೂನಿವರ್ಸಿಟಿಯೇ ಊರಿನ ಜೀವನಾಧಾರ. ಮೇ ತಿಂಗಳಲ್ಲಿ ಹುಡುಗರು ಮನೆಗೆ ಹೋದರೆಂದರೆ ಹೋಟೆಲುಗಳು ಮಧ್ಯಾಹ್ನವೇ ಬಾಗಿಲು ಹಾಕುತ್ತವೆ. ಆಗಸ್ಟಿನಲ್ಲಿ ಅವರು ಮರಳಿದ ಮೇಲೆ ಹಾಲು ಕೊಳ್ಳಲೂ ಸಾಲು ನಿಲ್ಲಬೇಕು. ಸೆಪ್ಟೆಂಬರಿನಿಂದ ಶನಿವಾರಗಳೆಲ್ಲ ಫುಟ್‌ಬಾಲಿನವು. ಆ ದಿನ ಊರಲ್ಲಿರುವಷ್ಟೇ ಜನ ಹೊರಗಿನಿಂದ ಬಂದು ಇಳಿಯುತ್ತಾರೆ. ಇಂದುಮತಿ ಹದಿನೆಂಟು ವರ್ಷ ಇದನ್ನೆಲ್ಲ ನೋಡಿದ್ದಳು. ಆದರೆ ಅವಳ ವರ್ಷ ಸಾಗುತ್ತಿದ್ದದ್ದು ಬಿತ್ತನೆ, ಹೂವು, ತೆನೆಗಳ ಮೇಲೆ.

ವಿಜಯಪುರದವಳು. ಕೃಷಿ ವಿಭಾಗದಲ್ಲಿ ಪ್ರೊಫೆಸರಲ್ಲ. ವರ್ಷವರ್ಷ ಕಾಂಟ್ರಾಕ್ಟ್ ರಿನ್ಯೂ ಆಗುವ ಸಂಶೋಧಕಿ. ಟೆಕ್ಸಾಸಿನಲ್ಲಿ ಜೋಳ ಬೆಳೆಯುವುದು ಹೆಚ್ಚಾಗಿ ದನಗಳಿಗೆ. ರೊಟ್ಟಿಗೆ ಒದಗುವ ಬಿಳಿ ಜೋಳಕ್ಕೆ ಇಲ್ಲಿನ ಸೆಕೆಯಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ತಡೆಯುವ ಬಿಳಿ ಜೋಳವೊಂದನ್ನು ರೂಪಿಸಲು ಅವಳು ಹನ್ನೊಂದು ವರ್ಷದಿಂದ ಬಿತ್ತುತ್ತ, ಆರಿಸುತ್ತ, ಆರಿಸಿದ್ದನ್ನೇ ಮತ್ತೆ ಬಿತ್ತುತ್ತ ಬಂದಿದ್ದಳು. ಗುರಿ ಹತ್ತಿರವಿತ್ತು.

ಗಂಡ ಕಲ್ಮೇಶನಿಗೆ ಹ್ಯೂಸ್ಟನ್ನಿನಲ್ಲಿ ಕೆಲಸ, ಅಲ್ಲೇ ಹತ್ತಿರದ ಫುಲ್‌ಶೀರ್‌ನಲ್ಲಿ ಮನೆ. ಶುಕ್ರವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದ. ಮಕ್ಕಳಿರಲಿಲ್ಲ. ಒಂದೇ ಕಡೆ ಇರುವ ಮಾತು ಬಂದಾಗೆಲ್ಲ ‘ಇನ್ನೊಂದು ವರ್ಷರಿ’ ಎಂದು ಅವಳು ಅನ್ನುವುದು, ‘ಆಗ್ಲಿ’ ಎಂದು ಅವನು ಅನ್ನುವುದು, ಹೀಗೆಯೇ ಹದಿನಾರು ವರ್ಷ ಕಳೆದಿತ್ತು.

ಆ ವರ್ಷ ಮೇ ರಜೆಯಲ್ಲಿ ಬೀಜ ಇಡುವ ತಂಪು ಕೋಣೆಯ ಯಂತ್ರ ಕೆಟ್ಟಿತು. ಕಟ್ಟಡದಲ್ಲಿ ಯಾರೂ ಇರಲಿಲ್ಲ. ಎರಡು ವಾರ ಬೀಜಗಳು ಬಿಸಿಯಲ್ಲಿ ಬೆಂದವು. ಇಟ್ಟುಕೊಂಡರೆ ಒಂದೂ ಉಳಿಯಲಿಕ್ಕಿಲ್ಲವೆಂದು ಇಂದುಮತಿ ಇದ್ದುದನ್ನೆಲ್ಲ ಜೂನ್ ಮೊದಲ ವಾರ ಸ್ಟೇಡಿಯಮ್ಮಿನ ಪಕ್ಕದಲ್ಲಿದ್ದ ವಿಭಾಗದ ಹೊಲಕ್ಕೆ ಹಾಕಿಬಿಟ್ಟಳು. ಹತ್ತಕ್ಕೊಂದು ಮೊಳೆಯಿತು. ಅಷ್ಟು ಸಾಕಿತ್ತು. ಈ ತೆನೆಗಳು ಬಲಿತರೆ ಹೊಸ ಬೀಜ ಸಿಗುತ್ತಿತ್ತು.

ಆಗಸ್ಟ್ ಹತ್ತಕ್ಕೆ, ಜೋಳ ಹೂ ಬಿಟ್ಟ ವಾರದಲ್ಲೇ, ಯೂನಿವರ್ಸಿಟಿಯಿಂದ ಮೇಲ್ ಬಂತು. ಸ್ಟೇಡಿಯಮ್ಮಿನ ಪಕ್ಕದ ಹೊಲವನ್ನು ಇಪ್ಪತ್ತೆರಡರೊಳಗೆ ತೆರವು ಮಾಡಿಕೊಡಬೇಕು. ಅಲ್ಲಿ ಪಾರ್ಕಿಂಗ್ ಆಗುತ್ತದೆ.

ವಿಭಾಗದ ಮುಖ್ಯಸ್ಥೆ ಮೆದು ಮಾತಿನ ಹೆಂಗಸು. ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಇಂದುಮತಿಯ ಪಕ್ಕದಲ್ಲೇ ಕೂತಳು.

“ನಾಲ್ಕು ವಾರ ಕೊಡಿ. ಈಗ ಕೊಯ್ದರೆ ಕಾಳಿನಲ್ಲಿ ಹಾಲು ಮಾತ್ರ ಇರುತ್ತದೆ” ಎಂದಳು ಇಂದುಮತಿ.

“ಮೊದಲ ಆಟ ಸೆಪ್ಟೆಂಬರ್ ಐದಕ್ಕೆ. ನನ್ನ ಕೈಯಲ್ಲಿಲ್ಲ, ಇಂದು.”

“ಒಂದು ಮೂಲೆಯಾದರೂ ಬಿಡಿಸಿ.”

“ಕೇಳಿದೆ. ಆಗುವುದಿಲ್ಲ ಅಂದರು.” ಮುಖ್ಯಸ್ಥೆ ದನಿ ಇನ್ನೂ ತಗ್ಗಿಸಿದಳು. “ಇನ್ನೊಂದು ವಿಷಯ. ಡಿಸೆಂಬರ್ ಆದಮೇಲೆ ನಿಮ್ಮ ಕಾಂಟ್ರಾಕ್ಟಿಗೂ ಹಣ ಬರುತ್ತಿಲ್ಲ.”

ಇಪ್ಪತ್ತೊಂದರಂದು ಇಂದುಮತಿ ಒಬ್ಬಳೇ ತೆನೆ ಕೊಯ್ದಳು. ಉಗುರಿನಿಂದ ಒತ್ತಿದ ಕಾಳುಗಳೆಲ್ಲ ಪಿಚಕ್ಕೆಂದು ಬೆಳ್ಳಗೆ ಒಡೆದವು. ಆದರೂ ಸಾಲು ಬಿಡದೆ ಕೊಯ್ದು, ಒಂದೊಂದು ಗೊಂಚಲಿಗೂ ಚೀಟಿ ಕಟ್ಟಿ ಮನೆಗೆ ತಂದು ಅಡುಗೆಮನೆಯ ನೆಲದ ಮೇಲೆ ಹರಡಿದಳು.

ಸಂಜೆ ಕಲ್ಮೇಶ ಬಂದವನು ಬಾಗಿಲಲ್ಲೇ ನಿಂತ. “ಸೀತನಿ ತಿನ್ನೂ ಹದಕ್ಕ ಬಂದಾವಲ್ಲ” ಎಂದು ನಗುತ್ತ ಒಂದು ತೆನೆಗೆ ಕೈ ಹಾಕಿದ. ಊರಲ್ಲಿ ಎಳೆ ತೆನೆ ಸುಟ್ಟು ತಿಂದ ನೆನಪು ಅವನದು.

“ಮುಟ್ಟಬ್ಯಾಡ್ರಿ. ಬೀಜಕ್ಕ ಇಟ್ಟೀನಿ.”

“ಇವು ಮೊಳಿತಾವೇನ?”

“ಗೊತ್ತಿಲ್ರಿ.” ಗೊತ್ತಿತ್ತು ಅವಳಿಗೆ.

ಒಣಗಿದ ಮೇಲೆ ಕಾಳು ಅಕ್ಕಿನುಚ್ಚಿನಷ್ಟಕ್ಕೆ ಸುಕ್ಕಿಹೋಯಿತು. ಒದ್ದೆ ಕಾಗದದ ಮೇಲೆ ನೂರು ಕಾಳು ಇಟ್ಟು ಕಾದಳು. ಆರನೆಯ ದಿನ ನೋಡಿದರೆ ಮೊಳಕೆ ಒಂದೂ ಇರಲಿಲ್ಲ; ಕಾಗದದ ತುಂಬ ಕಪ್ಪು ಬೂಷ್ಟು. ಇನ್ನೂ ನೂರು ಇಟ್ಟಳು, ಇನ್ನೂ ನೂರು. ಮೂರನೆಯದನ್ನು ಬಿಚ್ಚಿ ನೋಡದೆ ಕಸಕ್ಕೆ ಹಾಕಿದಳು.

ಸೆಪ್ಟೆಂಬರಿನ ಕೊನೆಯ ಆಟದ ಶನಿವಾರ ಕಾಲು ಅವಳನ್ನು ಅಲ್ಲಿಗೇ ಒಯ್ದಿತು. ಹೊಲಕ್ಕೆ ಕಲ್ಲುಪುಡಿ ಸುರಿದು ರೋಲರ್ ಓಡಿಸಿದ್ದರು. ಪಿಕಪ್ ಟ್ರಕ್ಕುಗಳ ಹಿಂದೆ ಡೇರೆ, ಮಡಿಚುವ ಕುರ್ಚಿ, ಮಾಂಸ ಸುಡುವ ಹೊಗೆ. ಒಬ್ಬ ಮುದುಕ ಅವಳು ಸುಮ್ಮನೆ ನಿಂತದ್ದು ಕಂಡು, ಕಾರು ಎಲ್ಲಿ ಬಿಟ್ಟಿದ್ದೀರೆಂದು ಮರೆತಿರಾ, ಹುಡುಕಲು ಬರಲೇ ಎಂದು ಕೇಳಿದ. ಒಳ್ಳೆಯ ಮನುಷ್ಯ. ಅವಳು ಬೇಡವೆಂದು ತಲೆಯಾಡಿಸಿ ಬಂದುಬಿಟ್ಟಳು.

ಜನವರಿಯಲ್ಲಿ ಫುಲ್‌ಶೀರ್‌ಗೆ ಶಿಫ್ಟ್ ಆದಳು. ಸಂಕ್ರಾಂತಿ ಊಟಕ್ಕೆ ಹೋದ ಮನೆಯಲ್ಲಿ ಈರವ್ವನೆಂಬ ಹಿರಿಯಾಕೆ, “ನೀವೇನ್ ಕೆಲಸ ಮಾಡ್ತೀರವ್ವಾ?” ಎಂದು ಕೇಳಿದರು.

“ಏನಿಲ್ರಿ, ಮನ್ಯಾಗ ಇರ್ತೀನಿ” ಎಂದಳು ಇಂದುಮತಿ.

ಕಲ್ಮೇಶನ ಕಿವಿಗೆ ಅದು ಬಿತ್ತು. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ: “ಜೋಳದ್ದ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ಹದಿನಾರು ವರ್ಷ ನಿಮ್ಮನ್ನ ರಸ್ತೇದ ಮ್ಯಾಲೆ ಇಟ್ಟೆ. ಒಂದ ಮುಷ್ಟಿ ಕಾಳ ಸೈತ ಉಳೀಲಿಲ್ಲ.”

ಆ ವರ್ಷಗಳು ವ್ಯರ್ಥವಾಗಲಿಲ್ಲ ಎನ್ನಬೇಕೆಂದು ಅವನಿಗೆ ಅನಿಸಿತು. ಅಷ್ಟರಲ್ಲಿ ಮನೆ ಬಂತು. ಅವಳು ಇಳಿಯಲಿಲ್ಲ, ಅವನೂ ಎಂಜಿನ್ ಆರಿಸಿ, ಅಲ್ಲೇ ಕೂತ.