ಗಾಳಿಚಾಪೆ

ತೀರಿಹೋದವರ ಹೆಸರಿನ ಸುತ್ತ ಕಥೆ ಹೆಣೆಯುವುದು ತಪ್ಪೆಂದು ದ್ವೀಪದ ಹಿರಿಯರಿಗೆ ಅನ್ನಿಸಿದರೆ ಕ್ಷಮಿಸಬೇಕು. ಆ ಹೆಸರನ್ನಂತೂ ಇಲ್ಲಿ ಎಲ್ಲೂ ಬರೆದಿಲ್ಲ.

"ದೋಣಿಗೆ ಕಟ್ತಾರಲ್ಲ, ಗಾಳಿ ತುಂಬ್ಕೊಳ್ಳತ್ತಲ್ಲ, ಅದಕ್ಕೇನಂತಾರೆ ಅಜ್ಜಿ?" ಕ್ಲೆಮೆಂಟ್ ಮೇಷ್ಟ್ರು ಮೂರನೆಯ ಸಲ ಕೇಳಿದರು.

"ಗಾಳಿಚಾಪೆ." ಕೇದಗೆ ಗರಿ ಸೀಳುತ್ತಿದ್ದ ನೋನಿಯಾ ಅಜ್ಜಿ ಮೂರನೆಯ ಸಲವೂ ಅದನ್ನೇ ಹೇಳಿದಳು.

"ಅದು ಆಮೇಲೆ ಬಂದಿದ್ದು. ಹಳೇ ಪದ ಬೇಕು. ನಾಡಿದ್ದು ಹಡಗಲ್ಲಿ ನಮ್ಮ ಭಾಷೆ ಪದಕೋಶ ಅಚ್ಚಿಗೆ ಹೋಗತ್ತೆ. ಆ ಕಾಲದೋರು ಅಂತ ನೀವೊಬ್ರೇ ಉಳ್ದಿರೋದು."

"ಹಾಗಾದ್ರೆ ನಾಡಿದ್ದಿನವರೆಗೂ ನಾನು ಸಾಯೋ ಹಾಗಿಲ್ಲ ಅನ್ನು."

ಅಂಗಳದಲ್ಲಿ ದೀವಿಹಲಸು ಸುಡುತ್ತಿದ್ದ ಪಕ್ಕದ ಮನೆಯ ಲೋಸಾ ನಕ್ಕಳು. "ಆ ಮುದುಕಿ ಬಾಯಿ ಬಿಡಿಸೋ ಬದ್ಲು ಏಡಿ ಹಿಡೀರಿ ಮೇಷ್ಟ್ರೇ, ಊಟಕ್ಕಾದ್ರೂ ಆಗತ್ತೆ."

ಮೇಷ್ಟ್ರಿಗೆ ಕಿವಿ ಬಿಸಿಯಾಯಿತು. ಹಾಯಿಗಿದ್ದ ಆ ಹಳೆಯ ಪದವೇ ಅಜ್ಜಿಯ ಗಂಡನ ಹೆಸರೆಂದು ಅವರಿಗೆ ಗೊತ್ತಿತ್ತು. ಇಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಅದು ಯಾವ ವಸ್ತುವಿನ ಹೆಸರೋ ಆ ವಸ್ತುವನ್ನೂ ಬೇರೆ ಮಾತಿನಲ್ಲೇ ಕರೆಯಬೇಕು. ಅವನು ಸಮುದ್ರಕ್ಕೆ ಹೋಗಿ ಹಿಂದಿರುಗದೆ ನಲವತ್ತು ವರ್ಷವಾಗಿತ್ತು. ಅಂದಿನಿಂದ, ತೀರಿಹೋದವನ ಹೆಸರೆಂದು, ಊರೇ ಆ ಪದವನ್ನು ಬಿಟ್ಟು ಅಜ್ಜಿಯ ಮಾತನ್ನು ಹಿಡಿಯಿತು. ಮೇಷ್ಟ್ರು ಅದನ್ನು ಕೇಳಿಯೇ ಇರಲಿಲ್ಲ; ಇಗರ್ಜಿಯ ಪುಸ್ತಕದಲ್ಲಿದ್ದುದು ಅವನ ಜ್ಞಾನಸ್ನಾನದ ಹೆಸರು ಮಾತ್ರ. ಸಂಜೆ ತರಗತಿಗಳಲ್ಲಿ ನಾಲ್ಕಕ್ಷರ ಕಲಿತ ತಾನು ಇದನ್ನೆಲ್ಲ ಕೆದಕಬೇಕೇ ಎಂದುಕೊಂಡು ಮೇಷ್ಟ್ರು ಟಿಪ್ಪಣಿ ಪುಸ್ತಕ ಮುಚ್ಚಲು ಹೋದರು.

"ಅದ್ರಲ್ಲಿ ಇನ್ನೇನು ಬರ್ಕೊಂಡಿದ್ದೀಯ?" ಅಜ್ಜಿ ಕೇಳಿದಳು.

"ನಮ್ಮ ನೆಂಟ ಭಾಷೆಗಳು. ಗಾಳಿಚಾಪೆಗೆ ಫಿಜಿಯವ್ರು ಲಾದಾ ಅಂತಾರೆ. ಟೊಂಗಾದವ್ರು ಬರೀ ಲಾ. ಮಲಯದವ್ರು ಲಾಯಾರ್. ಆಫ್ರಿಕಾ ಹತ್ರ ಮಡಗಾಸ್ಕರ್ ಇದೆಯಲ್ಲ, ಅಲ್ಲೂ ಲಾಯ್."

ಗರಿ ಸೀಳುವ ಚಿಪ್ಪು ನಿಂತಿತು. "ಅಷ್ಟು ದೂರಾನೂ?"

"ಎಲ್ಲಾ ಒಂದೇ ಬೇರು ಅಜ್ಜಿ."

"ಅಲ್ಲಿ ಹೆಂಗಸ್ರೂ ಅಂತಾರಾ? ಕೂಗಿ?"

"ಲಾಯ್ ಇಳಿಸು, ಬಿರುಗಾಳಿ ಬಂತು ಅಂತ ಕೂಗ್ಲೇಬೇಕಲ್ಲ."

ಅಜ್ಜಿ ಮತ್ತೆ ಗರಿ ಸೀಳತೊಡಗಿದಳು. "ಯಾರೂ ಇಲ್ಲ, ಒಂದೇ ಒಂದ್ಸಲ ಹೆಸ್ರು ಹಿಡ್ದು ಕರಿಯೇ ಅಂತ ನನ್ ಗಂಡ ಗೋಗರೀತಿದ್ದ. ಹೋಗಾಚೆ ಅಂತಿದ್ದೆ. ಆವತ್ತು ನೀರಿನ ಕರಟ ಮರ್ತು ಹೋದ. ಸೊಂಟದ ಮಟ್ಟ ನೀರಿಗಿಳಿದು ಹೋಯ್, ಹೋಯ್ ಅಂತ ಕೂಗ್ದೆ. ಮೂರು ದೋಣಿ ಹೋಗ್ತಿದ್ವು. ಯಾರನ್ನ ಅಂತ ತಿಳ್ಕೋತಾರೆ? ಒಬ್ರೂ ತಿರುಗ್ಲಿಲ್ಲ."

ಲೋಸಾ ಕೆಂಡ ಕೆದಕುವುದನ್ನು ಬಿಟ್ಟಳು.

"ನಾನು ಹೇಳಲ್ಲ," ಎಂದಳು ಅಜ್ಜಿ. "ನೀನು ಹೇಳೋದನ್ನ ಬೇಡ ಅನ್ನಲ್ಲ."

ತಮ್ಮ ಭಾಷೆ ಯಾವ ಸದ್ದನ್ನು ಉಳಿಸಿಕೊಂಡಿದೆ, ಯಾವುದನ್ನು ಉದುರಿಸಿದೆ ಎಂದು ಮೇಷ್ಟ್ರು ಬೇರೆ ಪದಗಳೊಂದಿಗೆ ಹೋಲಿಸಿದರು. ಕಳೆದುಹೋದ ಪದ ಹೀಗಿದ್ದೀತೆಂದು ಊಹಿಸಿ, ಅಂಜುತ್ತಲೇ ಒಂದು ಪದ ಹೇಳಿದರು. ಅಜ್ಜಿ ಗರಿ ಸೀಳುತ್ತಿದ್ದಳು. ಇನ್ನೊಂದು ಹೇಳಿದರು. ಸೀಳುತ್ತಲೇ ಇದ್ದಳು. ಮೂರನೆಯದನ್ನು ಹೇಳಿದಾಗ ಅವಳು ತಲೆಯೆತ್ತಿ, ಯಾರೋ ಬಂದರೇನೋ ಎಂಬಂತೆ, ಸಮುದ್ರದ ಕಡೆ ತಿರುಗಿದಳು.

"ಇದೇನಾ ಅಜ್ಜಿ?"

ಅಜ್ಜಿ ಮಡಿಲಿನ ಗರಿ ಕೊಡವಿ ಎದ್ದಳು. ಗೋಡೆಗೆ ತೂಗುಹಾಕಿದ್ದ ಕರಟವನ್ನು ತೆಗೆದು ಹಂಡೆಯಿಂದ ನೀರು ತುಂಬಿಕೊಂಡಳು. ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಮರಳಿಗಿಳಿದಳು. ಲೋಸಾ ಹಿಂದೆ ಹೋಗಲು ಎದ್ದವಳು ಮೇಷ್ಟ್ರ ಮುಖ ನೋಡಿ ಕೂತಳು.

ಅಜ್ಜಿ ಸೊಂಟದ ಮಟ್ಟ ನೀರಿನಲ್ಲಿ ನಿಂತಳು. ಮೇಷ್ಟ್ರು ಮೂರನೆಯ ಪದವನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಪದಕೋಶದಲ್ಲಿ ಅದೇ ಅಚ್ಚಾಗಿದೆ. ಸರಿಯೋ ತಪ್ಪೋ ಗೊತ್ತಿಲ್ಲ. ಆ ಮಧ್ಯಾಹ್ನ ಅವಳು ಏನಾದರೂ ಕೂಗಿದಳೇ ಎಂಬುದೂ ಗೊತ್ತಿಲ್ಲ. ಅಲೆಯ ಸದ್ದು ಜೋರಾಗಿತ್ತು.