ಕೊಸರಿನ ಪ್ರತಿ

ನಂಜನಗೂಡಿನ ವಕೀಲ ಸುಬ್ರಹ್ಮಣ್ಯನವರಿಗೆ ಚಿತ್ರ ಸಂಗ್ರಹಿಸುವ ಚಟ ಹತ್ತಿದ್ದು ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ಮುಂಬಯಿಯ ಯಾವುದೋ ಇಂಗ್ಲಿಷ್ ಪತ್ರಿಕೆ ಓದಿ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೂಲಕ ಬಣ್ಣ ಎಳೆದು ಕಾಗದದ ಮೇಲೆ ಚಿತ್ರ ಒತ್ತುವುದು. ಹನ್ನೆರಡೋ ಇಪ್ಪತ್ತೋ, ಇಂತಿಷ್ಟೇ ಪ್ರತಿ ಎಂದು ಕಲಾವಿದ ಮೊದಲೇ ಗೊತ್ತುಮಾಡಿ, ಒಂದೊಂದಕ್ಕೂ ನಂಬರು ಹಾಕಿ ರುಜು ಮಾಡುವುದು. ಆಮೇಲೆ ಬಟ್ಟೆಯ ಮೇಲಿನ ಅಚ್ಚನ್ನು ತೊಳೆದುಬಿಡುವುದು. ಈ ಕೊನೆಯ ಮಾತು ಅವರಿಗೆ ಬಹಳ ಹಿಡಿಸಿತು. ಸಿವಿಲ್ ದಾವೆಗಳಲ್ಲೇ ಕೂದಲು ನರೆಸಿಕೊಂಡವರು. ಮುಗಿದದ್ದು ಮುಗಿದೇಬಿಡುವ ವ್ಯವಹಾರ ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂಬ ಸಮಾಧಾನ.

"ಹನ್ನೆರಡು ಒತ್ತಿದವನಿಗೆ ಹದಿಮೂರನೇದು ಒತ್ತೋಕೆ ಕೈ ನೋಯುತ್ತಾ?" ಎಂದರು ಹೆಂಡತಿ ಚಂಪಕ.

"ಒತ್ತಬಾರದು ಕಣೇ. ಅದೇ ಅದರ ಮರ್ಯಾದೆ."

"ನಮ್ಮನೆ ಹಪ್ಪಳಕ್ಕೂ ಆ ಮರ್ಯಾದೆ ಇದ್ದಿದ್ರೆ ನನ್ನ ಸೊಂಟ ಉಳೀತಿತ್ತು."

ಅಂಥ ಚಿತ್ರ ಒತ್ತುವವನು ಟಿ. ನರಸೀಪುರದಲ್ಲೇ ಸಿಕ್ಕಿದ: ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ರಂಗನಾಯಕ. ತಲಕಾಡಿನ ಮರಳನ್ನು ಐದು ಚಿತ್ರಗಳಲ್ಲಿ ಹಿಡಿಯಲು ಹೊರಟಿದ್ದ. ಒಂದೊಂದಕ್ಕೂ ಹನ್ನೆರಡೇ ಪ್ರತಿ. ಬೆಳಗಿನ ಮರಳು, ನಡುಹಗಲಿನದು, ಗಾಳಿ ಎದ್ದದ್ದು, ಮಳೆ ಬಿದ್ದದ್ದು ಆಗಿದ್ದವು. ನಾಲ್ಕರಲ್ಲೂ ಒಂದನೇ ನಂಬರು ಸುಬ್ರಹ್ಮಣ್ಯನವರ ನಡುಮನೆಗೆ ಬಂದಿತ್ತು. ಐದನೆಯದು ಬೆಳುದಿಂಗಳ ಮರಳು.

"ಅದು ಕಷ್ಟ ಸಾರ್. ಬಿಳಿ ಮೇಲೆ ಬಿಳಿ ಕಾಣ್ಬೇಕು," ಎಂದಿದ್ದ.

ಅದಕ್ಕಾಗಿ ವಕೀಲರು ಮಗಳ ಮದುವೆಗೂ ಕಾಯದ ಹಾಗೆ ಕಾಯುತ್ತಿದ್ದರು.

ಅಷ್ಟರಲ್ಲಿ ಒಂದು ಜಮೀನಿನ ತಕರಾರಿಗೆಂದು ತಲಕಾಡಿಗೆ ಹೋದರು. ಬಸ್ಸಿಳಿದು ಜವರಯ್ಯನ ಟೀ ಅಂಗಡಿಗೆ ನುಗ್ಗಿದರೆ, ಒಲೆಯ ಮೇಲ್ಗಡೆ ಗಾಳಿ ಎದ್ದ ಮರಳಿನ ಚಿತ್ರ! ಹೊಗೆ ಹಿಡಿದು ಕಂದಾಗಿತ್ತು. ಮೂಲೆಯಲ್ಲಿ ನಂಬರು ಇರಬೇಕಾದ ಕಡೆ 'ಕೊಸರು' ಎಂದು ಬರೆದು ರುಜು ಮಾಡಿತ್ತು.

"ಎಲ್ಲಿಂದ ಬಂತಯ್ಯ ಇದು?"

"ನಮ್ ಮೇಷ್ಟ್ರು ಕೊಟ್ಟುದ್ದು ಬುದ್ಧಿ. ಚಿತ್ರ ಬರಿಯಕ್ಕೆ ಬಂದಾಗೆಲ್ಲ ಇಲ್ಲೇ ಟೀ ಕುಡೀತಿದ್ರು. ನಾನು ಕಾಸು ಇಸ್ಕೊತಿರ್ಲಿಲ್ಲ. ಚೆಂದಾಗದೆ ಅಲ್ವಾ? ಗಾಳಿ ಬಂದ್ರೆ ಇಂಗೇಯಾ, ಕಣ್ ಬಿಡಕ್ಕಾಗಕಿಲ್ಲ."

ವಕೀಲರು ಟೀ ಬಿಟ್ಟು ನರಸೀಪುರದ ಬಸ್ಸು ಹತ್ತಿದರು.

ರಂಗನಾಯಕ ಅಳುಕಲಿಲ್ಲ. "ಮಾರೋದು ಹನ್ನೆರಡೇ ಸಾರ್. ಕೊಸರು ಲೆಕ್ಕಕ್ಕೆ ಬರಲ್ಲ. ತೂಗಿ ಆದ್ಮೇಲೆ ನಮ್ಮವ್ವ ಒಂದು ಬದನೆಕಾಯಿ ಮೇಲೆ ಹಾಕಲ್ವಾ, ಹಾಗೆ."

ಸಂತೆಯಲ್ಲಿ ತರಕಾರಿ ಮಾರುತ್ತಿದ್ದ ತಾಯಿ ಮರಿತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. "ಕೊಸ್ರು ಆಕ್ದೆ ಕೊಟ್ರೆ ಅದು ಕೊಟ್ಟಂಗಾ ಬುದ್ಧಿ?"

ಪ್ರತಿ ಚಿತ್ರಕ್ಕೂ ಒಂದು ಕೊಸರು ಒತ್ತಿದ್ದನಂತೆ. ಒಂದು ಜವರಯ್ಯನಿಗೆ, ಒಂದು ಬಸ್ ಕಂಡಕ್ಟರನಿಗೆ, ಒಂದು ಸೂಲಗಿತ್ತಿ ಚಿಕ್ಕಮಾದಮ್ಮನಿಗೆ. ಇನ್ನೊಂದು ಮನೆಯಲ್ಲೇ ಇತ್ತು.

"ನಂಬರು ಹಾಕಿ ರುಜು ಮಾಡೋದು ಅಂದ್ರೆ ವಾಗ್ದಾನ ಕಣಯ್ಯ," ಎಂದರು ವಕೀಲರು. "ನಾಳೆ ತಿಳಿದವರ ಕಿವಿಗೆ ಬಿದ್ರೆ ನಿನ್ನ ಹೆಸರು ಕೆಡುತ್ತೆ. ಎಲ್ಲ ವಾಪಸ್ ತಂದು ಹರಿದುಹಾಕು."

ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ಅವರು ನಂಬಿದ್ದರು. ಅರ್ಧ ನಿಜವೂ ಹೌದು. ಉಳಿದರ್ಧ ನಡುಮನೆಯ ಗೋಡೆಯದು.

ರಂಗನಾಯಕ ಓದಿದವರ ಮಾತಿಗೆ ತಲೆಬಾಗುವ ಪೈಕಿ. ಹೋಗಿ ಕೇಳಿದ. ಆ ಸೀಮೆಯಲ್ಲಿ ತಕ್ಕಡಿಯ ತೂಕಕ್ಕೆ ಜಗಳವಾಡಿದವರುಂಟು. ಕೊಟ್ಟ ಕೊಸರನ್ನು ವಾಪಸು ಕೇಳಿದವರಿರಲಿಲ್ಲ. ಕಂಡಕ್ಟರು ಚಿಲ್ಲರೆ ವಾಪಸು ಕೊಡುವ ಹಾಗೆ ಕೊಟ್ಟ. ಚಿಕ್ಕಮಾದಮ್ಮ ಸುಮ್ಮನೆ ಬಿಡಲಿಲ್ಲ.

"ತಕ್ಕಳಪ್ಪ. ನೀನು ಉಟ್ಟುದ್ದೂ ನನ್ ಕೈಲೇಯಾ. ಅದ್ನೂ ವಾಪಸ್ ತಕ್ಕೊಂಡೋಯ್ತೀಯಾ?"

ಜವರಯ್ಯ ಚಿತ್ರ ಇಳಿಸಿ, ಮಸಿಯನ್ನು ಟವಲಿನಿಂದ ಒರೆಸಿ, ಸುರುಳಿ ಸುತ್ತಿ ಕೈಗಿಟ್ಟ. ರಂಗನಾಯಕ ಟೀ ಕುಡಿದು ಎದ್ದಾಗ, "ಟೀ ಕಾಸು ಕೊಟ್ಟೋಗಿ ಮೇಷ್ಟ್ರೇ," ಎಂದ.

ನಾಲ್ಕನ್ನೂ ನಂಜನಗೂಡಿಗೆ ತಂದು ವಕೀಲರ ಕಣ್ಣೆದುರೇ ಹರಿದ. ಜವರಯ್ಯನ ಪ್ರತಿಯ ಸರದಿ ಬಂದಾಗ ಸುಬ್ರಹ್ಮಣ್ಯನವರು ಒಂದು ವಿಷಯ ಗಮನಿಸಿದರು: ಹೊಗೆ ಕೂತ ಆ ಗಾಳಿ ತಮ್ಮ ಗೋಡೆಯ ಗಾಳಿಗಿಂತ ನಿಜವಾಗಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಅದು ಎರಡಾಗಿತ್ತು.

ಎರಡು ವರ್ಷ ಕಳೆದರೂ ಬೆಳುದಿಂಗಳು ಬರಲಿಲ್ಲ. ಕೊನೆಗೆ ತಾವೇ ನರಸೀಪುರಕ್ಕೆ ಹೋದರು. ರಂಗನಾಯಕ ಜಗಲಿಯಲ್ಲಿ ಮಕ್ಕಳು ಬರೆದ ಮಾವಿನಕಾಯಿಗಳಿಗೆ ಮಾರ್ಕು ಹಾಕುತ್ತಿದ್ದ.

"ಐದನೇದು ಏನಾಯ್ತಪ್ಪ?"

"ಚಿತ್ರ ಒತ್ತೋ ಬಟ್ಟೆ ಇಲ್ಲ ಸಾರ್. ಅವ್ವ ಹಿಟ್ಟಿನ ಜರಡಿಗೆ ಬೇಕು ಅಂದ್ಳು, ಕೊಟ್ಬಿಟ್ಟೆ."

"ಬಟ್ಟೆ ನಾನು ತರಿಸಿಕೊಡ್ತೀನಿ."

"ಬೇಡಿ ಸಾರ್. ಹದಿಮೂರನೇದು ಒತ್ತಬಾರದು ಅಂತ ನೆನಪಿಟ್ಕೊಂಡು ಕೂತ್ರೆ, ನನಗೆ ಮೊದಲನೇದೇ ಬರಲ್ಲ."

ವಕೀಲರು ಜೀವಮಾನದಲ್ಲಿ ಮೊದಲ ಸಲ ತಾವೇ ಗೆದ್ದ ಮೊಕದ್ದಮೆಯ ವಿರುದ್ಧ ವಾದಿಸಿದರು. "ಹದಿಮೂರು ಒತ್ತು ಮಾರಾಯ. ಹದಿನೈದು ಒತ್ತು. ಯಾರಿಗೆ ಬೇಕೋ ಕೊಡು. ನಾನೇ ಹೇಳ್ತಿದೀನಲ್ಲ."

ರಂಗನಾಯಕ ನಕ್ಕ. ಆ ನಗುವಿನಲ್ಲಿ ಕೋಪವಿದ್ದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾರಿಗೆ ಕೊಡ್ಲಿ ಸಾರ್? ಈಗ ನಾನು ಕೊಟ್ರೆ ಯಾರೂ ಇಸ್ಕೊಳ್ಳಲ್ಲ."

ಒಳಗೆ ಮರಿತಾಯಮ್ಮ ಹಿಟ್ಟು ಜರಡಿ ಹಿಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು. ಬಂದವರು ಯಾರೆಂದು ಅವಳು ಕೇಳಲಿಲ್ಲ, ಮಜ್ಜಿಗೆ ಬೇಕೇ ಎಂದೂ ಕೇಳಲಿಲ್ಲ.